ಹಾವು ಊಟ ಬಿಟ್ಟಾಗ

ನಮ್ಮ ಕಡೆ ಮನೆಯಲ್ಲಿ ಒಬ್ಬರು ಒಂದು ಹೊತ್ತು ಉಣ್ಣದಿದ್ದರೂ ಉಳಿದವರಿಗೆ ಸಮಾಧಾನವಿರುವುದಿಲ್ಲ. ಜ್ವರವೋ, ಮುನಿಸೋ, ಯಾರದಾದರೂ ದೃಷ್ಟಿಯೋ ಎಂದು ಕಾರಣ ಹುಡುಕುತ್ತೇವೆ. ಹಸು ಮೇವು ಬಿಟ್ಟರಂತೂ ಅವತ್ತು ಯಾರಿಗೂ ಅನ್ನ ಇಳಿಯದು. ಇದೇ ಮಮತೆಯಿಂದ ಹಾವನ್ನೂ ಸಾಕಲು ಹೊರಟರೆ ಏನಾಗುತ್ತದೆ ಎಂಬುದನ್ನು ಮಾಗಡಿ ಸೀಮೆಯ ಕುದೂರಿನ ಒಂದು ಮನೆಯಲ್ಲಿ ನೋಡಿದೆ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಹುಡುಗ ಊರಿಗೆ ಬಂದು ನೆಲೆಸುವಾಗ ತನ್ನ ಬಾಲ್ ಪೈಥಾನನ್ನೂ ತಂದಿದ್ದ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಪುಟ್ಟ ಹೆಬ್ಬಾವು ಅದು. ಬೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗುವುದರಿಂದ ಆ ಹೆಸರು. ನಡುಮನೆಯಲ್ಲಿ ಟಿ.ವಿ. ಪಕ್ಕ ಗಾಜಿನ ಪೆಟ್ಟಿಗೆ. ಹಾವು ಊಟ ಬಿಟ್ಟು ಎರಡು ತಿಂಗಳಾಗಿತ್ತು. ಹುಡುಗ ಇಕ್ಕಳದಲ್ಲಿ ಸತ್ತ ಬಿಳಿ ಇಲಿಯನ್ನು ಹಿಡಿದು ಅದರ ಮೂತಿಯ ಮುಂದೆ ಮೆಲ್ಲಗೆ ಆಡಿಸಿದ. ಸೀಳುನಾಲಿಗೆ ಎರಡು ಮೂರು ಸಲ ಹೊರಬಂದು ವಾಸನೆ ಹಿಡಿಯಿತು. ಕತ್ತು ತುಸು ಮುಂದೆ ಬಂತು. ಅಷ್ಟರಲ್ಲಿ ಹೊರಗೆ ಯಾರೋ ಬಾಗಿಲು ಬಡಿದರು. ಹಾವು ಕತ್ತನ್ನು ಹಿಂದಕ್ಕೆಳೆದುಕೊಂಡು ಸುರುಳಿಯೊಳಗೆ ಮುಖ ಹುದುಗಿಸಿತು. “ಇನ್ನೇನ್ ಮಾಡ್ಲಿ ಹೇಳಿ ಸಾರ್, ಮುಟ್ಟೋದೇ ಇಲ್ಲ” ಎಂದ ಹುಡುಗನ ದನಿಯಲ್ಲಿ ಅಳುವಿತ್ತು. ಅವನ ಅಜ್ಜಿ ಬಾಗಿಲ ಬಳಿಯೇ ನಿಂತು, “ಪಾಪ, ಎಷ್ಟು ದಿನದಿಂದ ಹಸ್ಕೊಂಡೈತೋ. ಒಸಿ ಹಾಲಾದ್ರೂ ಇಕ್ಕಪ್ಪ” ಅಂದರು.

ಆ ಅಜ್ಜಿಯ ಕರುಳನ್ನು ನಾನು ಗೌರವಿಸುತ್ತೇನೆ. ಆದರೆ ಹಾಲು ಮೊಲೆಯೂಡಿಸುವ ಪ್ರಾಣಿಗಳ ಆಹಾರ. ಹಾವಿನ ಹೊಟ್ಟೆಗೆ ಅದು ಒಗ್ಗುವುದಿಲ್ಲ. ನಾಗರಪಂಚಮಿಯಲ್ಲಿ ಹಾವಾಡಿಗರ ಬುಟ್ಟಿಯ ನಾಗರ ಹಾಲಿಗೆ ಬಾಯಿ ಹಾಕುತ್ತಿದ್ದುದು ಭಕ್ತಿಯಿಂದಲ್ಲ, ರುಚಿಯಿಂದಲೂ ಅಲ್ಲ. ದಿನಗಟ್ಟಲೆ ನೀರು ಕಾಣದೆ ಒಣಗಿದ ಜೀವ ಎದುರಿಗೆ ಬಂದ ಯಾವ ದ್ರವವನ್ನಾದರೂ ಕುಡಿಯುತ್ತದೆ. ಹಲ್ಲು ಕಿತ್ತು ಬಾಯಿ ಕೀವುಗಟ್ಟಿದ ಆ ಹಾವುಗಳಲ್ಲಿ ಎಷ್ಟೋ ಏನನ್ನೂ ನುಂಗಲಾರದೆ ಸಾಯುತ್ತಿದ್ದವು.

ಇನ್ನು ಹಸಿವಿನ ಮಾತು. ನಮ್ಮ ಮೈ ಬೆಚ್ಚಗಿರುವುದೇ ತಿಂದ ಅನ್ನದಿಂದ. ಹಾವು ಬಿಸಿಲಿನಿಂದ, ಬಂಡೆಯ ಕಾವಿನಿಂದ ಮೈ ಕಾಯಿಸಿಕೊಳ್ಳುತ್ತದೆ. ಹಾಗಾಗಿ ಅದರ ಖರ್ಚು ತೀರ ಕಡಿಮೆ. ಅಮೆರಿಕದ ಜೀವವಿಜ್ಞಾನಿ ಮಾರ್ಷಲ್ ಮೆಕ್‌ಕ್ಯೂ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಲ್ ಪೈಥಾನ್ ಸೇರಿದಂತೆ ಮೂರು ಜಾತಿಯ ಹಾವುಗಳು ಸುಮಾರು ಆರು ತಿಂಗಳು ಉಪವಾಸವಿದ್ದವು. ಅವು ದೇಹದ ಶಕ್ತಿಯ ಖರ್ಚನ್ನು ಶೇ. 72ರವರೆಗೂ ಇಳಿಸಿಕೊಂಡವು, ಅಷ್ಟಿದ್ದೂ ಉದ್ದದಲ್ಲಿ ಬೆಳೆದವು. ಹೆಬ್ಬಾವಿನ ಕರುಳು ಎರಡು ಊಟಗಳ ನಡುವೆ ಅಂಗಡಿಗೆ ಬೀಗ ಹಾಕಿದಂತೆ ಕೆಲಸ ನಿಲ್ಲಿಸಿ ಕುಗ್ಗುತ್ತದೆ. ಬೇಟೆ ಒಳಗೆ ಬಿದ್ದೊಡನೆ ಎಲ್ಲವೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಬರ್ಮಾ ಹೆಬ್ಬಾವಿನ ಹೃದಯದ ಕೆಳಕೋಣೆ ಉಂಡ ಎರಡೇ ದಿನದಲ್ಲಿ ಶೇ. 40ರಷ್ಟು ಹಿಗ್ಗುತ್ತದೆ ಎಂದು ವಿಜ್ಞಾನಿಗಳು 2005ರಲ್ಲಿ ಕಂಡುಕೊಂಡರು. ಇಂಥ ದೇಹಕ್ಕೆ ಎರಡು ತಿಂಗಳ ಉಪವಾಸ ದೊಡ್ಡದಲ್ಲ. ಪೊರೆ ಬಿಡುವ ಮುಂಚೆ ಕಣ್ಣು ಮಸುಕಾದಾಗ, ಚಳಿಗಾಲದಲ್ಲಿ, ಕೂಡುವ ಕಾಲದಲ್ಲಿ, ಮೊಟ್ಟೆ ಹೊತ್ತಾಗ ಹಾವು ತಾನಾಗಿಯೇ ಊಟ ಬಿಡುತ್ತದೆ. ಬಾಲ್ ಪೈಥಾನ್ ಅಂತೂ ಇದಕ್ಕೆ ಹೆಸರಾದದ್ದು.

ಆದರೆ ಎಲ್ಲ ಉಪವಾಸವೂ ಋತುವಿನದಲ್ಲ. ನನಗೆ ಮುಖ್ಯವಾಗಿ ತೋರುವ ಸಂಗತಿ ಇದು: ಹಾವಿನ ಬದುಕಿನಲ್ಲಿ ಉಣ್ಣುವ ಹೊತ್ತಿನಷ್ಟು ಅಪಾಯದ ಹೊತ್ತು ಇನ್ನೊಂದಿಲ್ಲ. ಇಡೀ ಇಲಿ ಬಾಯಲ್ಲಿರುವಾಗ ಅದು ಕಚ್ಚಲಾರದು. ನುಂಗಿದ ಮೇಲೆ ಹೊಟ್ಟೆ ಭಾರ, ಓಡಲಾರದು. ಬೆಟ್ಟದ ತಪ್ಪಲಲ್ಲಿ ಮೇಕೆಮರಿ ನುಂಗಿದ ಹೆಬ್ಬಾವಿನ ಸುತ್ತ ಜನ ಮುತ್ತಿದರೆ ಅದು ಅಷ್ಟು ಕಷ್ಟಪಟ್ಟು ನುಂಗಿದ್ದನ್ನೆಲ್ಲ ಕಕ್ಕಿ ಹಗುರಾಗಿ ಸರಿದುಹೋಗುತ್ತದೆ. ಅನ್ನಕ್ಕಿಂತ ಪ್ರಾಣ ದೊಡ್ಡದು. ಆದ್ದರಿಂದ ಜಾಗ ಸುರಕ್ಷಿತವೆಂದು ಮನವರಿಕೆಯಾಗದ ಹೊರತು ಹಾವು ಬಾಯಿ ತೆರೆಯುವುದಿಲ್ಲ. ಕುದೂರಿನ ಆ ಮನೆಯಲ್ಲಿ ನಾಲ್ಕೂ ಕಡೆ ಗಾಜು, ಬಚ್ಚಿಟ್ಟುಕೊಳ್ಳಲು ಮೂಲೆಯಿಲ್ಲ, ಟಿ.ವಿ.ಯ ಅದುರು, ಬಂದವರೆಲ್ಲ ಎತ್ತಿ ಹೆಗಲ ಮೇಲೆ ಹಾಕಿಕೊಳ್ಳುವುದು. ಆ ಹುಡುಗ ಇಲಿಯ ಬಣ್ಣ, ಗಾತ್ರ, ಬಿಸಿ ಎಲ್ಲವನ್ನೂ ಬದಲಿಸಿ ನೋಡಿದ್ದ. ಬದಲಾಗಬೇಕಿದ್ದುದು ಪೆಟ್ಟಿಗೆ ಇಟ್ಟ ಜಾಗ.

ಪೆಟ್ಟಿಗೆಯನ್ನು ಒಳಕೋಣೆಗೆ ಸಾಗಿಸಿ ಮೂರು ಬದಿಗೆ ರಟ್ಟು ಕಟ್ಟುವುದು, ಎರಡು ತುದಿಯಲ್ಲೂ ಹಾವು ಮಾತ್ರ ನುಸುಳುವಷ್ಟು ಕಂಡಿಯಿರುವ ಮಡಕೆ ಬೋರಲು ಹಾಕುವುದು, ಒಂದು ತುದಿ ಸುಮಾರು 32 ಡಿಗ್ರಿ ಕಾವಿದ್ದರೆ ಇನ್ನೊಂದು ತುದಿ ತಂಪಾಗಿರುವಂತೆ ನೋಡಿಕೊಳ್ಳುವುದು, ನೀರಿನ ಬಟ್ಟಲು ಎಂದೂ ಒಣಗದಿರುವುದು, ಕೆಲವು ವಾರ ತೂಗುವುದಕ್ಕಲ್ಲದೆ ಮೈ ಮುಟ್ಟದಿರುವುದು. ಇಷ್ಟು ಹೇಳಿದೆ. ಮಾಗಡಿ ಸೀಮೆಯ ಪುಷ್ಯ-ಮಾಘದ ರಾತ್ರಿಯ ಚಳಿಗೆ ಹಾವಿನ ಮೈ ತಣ್ಣಗಾದರೆ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಅದು ತಿನ್ನದಿರುವುದೇ ಜಾಣತನ. ಜೀವಂತ ಇಲಿಯನ್ನು ಬಿಟ್ಟು ಹೋಗಲೇಬಾರದು. ಹಸಿದ ಇಲಿ ಸುಮ್ಮನೆ ಮಲಗಿದ ಹಾವನ್ನು ಮೂಳೆ ಕಾಣುವಂತೆ ಕಚ್ಚುವುದುಂಟು. ಗಂಟಲಿಗೆ ತುರುಕುವುದು ಇನ್ನೂ ಕೆಟ್ಟದ್ದು. ವಾರಕ್ಕೊಮ್ಮೆ ತಕ್ಕಡಿಯಲ್ಲಿಟ್ಟು ತೂಗಿ ಬರೆದಿಡಬೇಕು. ತೂಕ ಒಂದೇ ಸಮ ಇಳಿದರೆ, ಬೆನ್ನೆಲುಬು ಎದ್ದು ಕಂಡರೆ, ಬಾಯಲ್ಲಿ ನೊರೆಯೋ ಕೀವೋ ಕಂಡರೆ ಹಾವುಗಳನ್ನು ನೋಡಿ ಬಲ್ಲ ಪಶುವೈದ್ಯರನ್ನು ಹುಡುಕಿ ಬೆಂಗಳೂರಿಗೇ ಹೋಗಬೇಕು.

ಇಂಥ ಹಾವುಗಳನ್ನು ಸಾಕುವುದು ನನಗೆ ಒಪ್ಪಿಗೆಯಲ್ಲ. ಕೆಂಪೇಗೌಡರ ಹೆಸರಿನ ವಿಮಾನ ನಿಲ್ದಾಣದಲ್ಲೇ 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಬ್ಯಾಗಿನಲ್ಲಿ 10 ಹಳದಿ ಅನಕೊಂಡ ಸಿಕ್ಕವು. ಹೀಗೆ ಚೀಲದಲ್ಲಿ ಕಟ್ಟಿ ತಂದ ಪ್ರಾಣಿ ಊಟ ಬಿಟ್ಟರೆ ಆಶ್ಚರ್ಯವೇನು? ಈಗಾಗಲೇ ಮನೆಯಲ್ಲಿರುವ ಇಂಥ ವಿದೇಶಿ ಜೀವಿಗಳನ್ನು 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ನೆಲದ ಹಾವುಗಳನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿದಿಟ್ಟುಕೊಳ್ಳುವಂತೆಯೇ ಇಲ್ಲ.

ಆದರೂ ಹಿಡಿಯುತ್ತಾರೆ. ಗಾಜಿನ ಪೆಟ್ಟಿಗೆಗಿಂತ ನನ್ನನ್ನು ಹೆಚ್ಚು ಕಾಡುವುದು ಗೋಣಿಚೀಲದೊಳಗಿನ ಉಪವಾಸ. ಮೊಂಡು ಬಾಲ ತಲೆಯಂತೆ ಕಾಣುವುದೇ ಎರಡು ತಲೆ ಹಾವಿನ, ಅಂದರೆ ಮಣ್ಣುಮುಕ್ಕನ, ಪಾಪವಾಯಿತು. ಮನೆಯಲ್ಲಿದ್ದರೆ ಅದೃಷ್ಟ, ನಿಧಿ ತೋರಿಸುತ್ತದೆ ಎಂಬ ಮಾತು ನಂಬಿ ಲಕ್ಷಗಟ್ಟಲೆ ವ್ಯಾಪಾರ ನಡೆಯುತ್ತದೆ. ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೆಲೆ ನಿಲ್ಲುವುದು ತೂಕದ ಮೇಲೆ. ಸಡಿಲ ಮಣ್ಣಿನೊಳಗೆ ಮೈ ಹುದುಗಿಸಿ, ಮೂಗು ಕಣ್ಣಷ್ಟೇ ಹೊರಗಿಟ್ಟು ಇಲಿಗಾಗಿ ಕಾಯುವ ಜೀವ ಅದು. ಚೀಲದಲ್ಲಿ, ಡ್ರಮ್ಮಿನಲ್ಲಿ ಮಣ್ಣಿಲ್ಲದೆ ಅದು ಉಣ್ಣುವುದಿಲ್ಲ, ತೂಕ ಇಳಿಯುತ್ತದೆ, ಮಾರುವವನಿಗೆ ಆತುರ ಹೆಚ್ಚುತ್ತದೆ. ಗಿರಾಕಿ ಸಿಗುವ ಹೊತ್ತಿಗೆ ಎಷ್ಟೋ ಹಾವುಗಳು ಅರೆಜೀವವಾಗಿರುತ್ತವೆ.

ಕುದೂರು, ಸೋಲೂರು ಸುತ್ತಿನ ರೈತರಲ್ಲಿ ನನ್ನ ಬೇಡಿಕೆ ಇಷ್ಟೇ. ಉಳುವಾಗ ಅಂಥದ್ದೊಂದು ಕಂಡರೆ ಟ್ರ್ಯಾಕ್ಟರನ್ನು ತುಸು ಹೊತ್ತು ನಿಲ್ಲಿಸಿ ಸರಿದುಹೋಗಲು ಬಿಡಿ. ಕೈಯಲ್ಲಿ ಎತ್ತಬೇಡಿ, ಮಣ್ಣುಮುಕ್ಕ ಎಂದುಕೊಂಡು ಕೊಳಕುಮಂಡಲವನ್ನು ಹಿಡಿದು ಕಚ್ಚಿಸಿಕೊಂಡವರಿದ್ದಾರೆ. ಕೊಳ್ಳುತ್ತೇನೆಂದು ಯಾರಾದರೂ ಬಂದರೆ ಮಾಗಡಿಯ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಬದುವಿನಲ್ಲಿ ಉಳಿದ ಹಾವಿಗೆ ಯಾರೂ ಊಟ ಇಕ್ಕಬೇಕಿಲ್ಲ. ನಿಮ್ಮ ರಾಗಿ ಮೆದೆಯ ಇಲಿಗಳನ್ನು ಅದೇ ಹುಡುಕಿಕೊಂಡು ಬರುತ್ತದೆ.