ಚಟ್ಟಲದೇವಿಯ ಸೀಮೆಯಲ್ಲಿ

ಹುಂಚಕ್ಕೆ ಬಂದವರು ಪದ್ಮಾವತಿ ಅಮ್ಮನವರ ದರ್ಶನ ಮಾಡಿ, ಪಂಚಕೂಟ ಬಸದಿಯ ಎದುರಿನ ಮಾನಸ್ತಂಭದ ಕೆತ್ತನೆಗೆ ಬೆರಗಾಗಿ ಊರಿಗೆ ಮರಳುತ್ತಾರೆ. 1077ರಲ್ಲಿ ಆ ಬಸದಿಯನ್ನು ಕಟ್ಟಿಸಿದವರು ಯಾರೆಂದು ಕೇಳುವವರು ಕಡಿಮೆ. ಆಕೆ ಗಂಗ ಮನೆತನದ ಚಟ್ಟಲದೇವಿ. ಗಂಡನನ್ನೂ ಮಗನನ್ನೂ ಕಳೆದುಕೊಂಡ ಮೇಲೆ ಸೋದರಿಯ ಮಕ್ಕಳಾದ ತೈಲ, ಗೊಗ್ಗಿಗ, ಒಡ್ಡುಗ, ಬರ್ಮರನ್ನು ಹೊಟ್ಟೆಯ ಮಕ್ಕಳಂತೆ ಸಾಕಿ, ಹುಂಚವನ್ನು ಆಳುತ್ತಿದ್ದ ಸಾಂತರರ ನಾಡಿಗೇ ಹಿರಿಯಳಾಗಿ ನಿಂತವಳು. ಬಸದಿಯ ಜೊತೆಗೆ ಕೆರೆ, ಬಾವಿ, ಛತ್ರ, ತೋಪುಗಳನ್ನೂ ಮಾಡಿಸಿದಳು.

ನಮ್ಮ ಜಿಲ್ಲೆಯಲ್ಲಿ ಅವಳೊಬ್ಬಳೇ ಅಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡದ ನಾಳ್ಗಾವುಂಡ ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತೆಂದು ಬಂದಳಿಕೆಯ ಶಾಸನ ಹೇಳುತ್ತದೆ. ಕೆಳದಿಯ ಚೆನ್ನಮ್ಮ ಕಾಲು ಶತಮಾನ ರಾಜ್ಯವಾಳಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಮೂವರೂ ಸಮರ್ಥರು. ಆದರೆ ಮೂವರಿಗೂ ಹೊಣೆ ಬಂದದ್ದು ಮನೆಯ ಗಂಡಸು ಇಲ್ಲವಾದ ಮೇಲೆ. 1960ರಲ್ಲಿ ಶ್ರೀಲಂಕಾದ ಸಿರಿಮಾವೊ ಬಂಡಾರನಾಯಿಕೆ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದದ್ದೂ ಪತಿಯ ಹತ್ಯೆಯ ಮರುವರ್ಷವೇ.

ಈ ಹಳೆಯ ಕಟ್ಟಳೆಯನ್ನು ಮುರಿದದ್ದು ಮೀಸಲಾತಿ. 1987ರಲ್ಲೇ ಕರ್ನಾಟಕ ಪಂಚಾಯತ್ ಚುನಾವಣೆಯಲ್ಲಿ ಮಹಿಳೆಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಕೊಟ್ಟಿತು. ದೇಶಕ್ಕೆಲ್ಲ ಇಂಥ ಮೀಸಲಾತಿ ತಂದ ಸಂವಿಧಾನದ 73ನೆಯ ತಿದ್ದುಪಡಿ ಬಂದದ್ದು ಆಮೇಲೆ. ಇಂದು ಅರ್ಧದಷ್ಟು ಸ್ಥಾನ ಅವರದು. ಅಡಿಕೆ ಸುಲಿಯುವ ಕೈಗಳೇ ಇಂದು ಕುಡಿಯುವ ನೀರಿನ ಬಿಲ್ಲಿಗೂ ಸಹಿ ಹಾಕುತ್ತಿವೆ. ಹೆಂಡತಿ ಅಧ್ಯಕ್ಷೆಯಾದರೂ ಗಂಡನೇ ಸಭೆ ನಡೆಸುವ ಊರುಗಳಿವೆ, ನಿಜ. ಅದು ಆ ಗಂಡನನ್ನೂ ಅವನಿಗೆ ಕುರ್ಚಿ ಹಾಕಿಕೊಡುವವರನ್ನೂ ತಿದ್ದಬೇಕಾದ ವಿಷಯ. ಮೀಸಲಾತಿಯನ್ನು ಹಳಿಯಲು ನೆಪವಲ್ಲ.

ನಮ್ಮ ಕಳವಳ ಮುಂದಿನ ಮೆಟ್ಟಿಲಿನದು. ಒಮ್ಮೆ ಮಹಿಳೆಗೆ ಮೀಸಲಾದ ಕ್ಷೇತ್ರ ಮುಂದಿನ ಸಲ ಸಾಮಾನ್ಯವಾಗುತ್ತದೆ. ಕೆಲಸ ಕಲಿತವಳು ಮನೆಗೆ ಮರಳುತ್ತಾಳೆ. 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ವಿಧಾನಸಭೆಗೆ ಟಿಕೆಟ್ ಕೊಡುವುದು ಪಕ್ಷಗಳು. ಫಲ ಕಣ್ಣೆದುರಿಗಿದೆ: 2023ರಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಹತ್ತು. ಅದೇ ವರ್ಷ ಸಂಸತ್ತು ಒಪ್ಪಿದ ಮೂರನೇ ಒಂದರಷ್ಟು ಮಹಿಳಾ ಮೀಸಲಾತಿಯನ್ನು ಜನಗಣತಿ, ಕ್ಷೇತ್ರ ಮರುವಿಂಗಡಣೆಗಳಿಗೆ ಗಂಟುಹಾಕಲಾಯಿತು. ರುವಾಂಡಾ 2003ರ ಸಂವಿಧಾನದಲ್ಲೇ ಮಹಿಳೆಯರಿಗೆ ಕನಿಷ್ಠ ಶೇ. 30 ಪಾಲು ಬರೆದಿಟ್ಟಿತು. ಈಗ ಅಲ್ಲಿನ ಕೆಳಮನೆಯಲ್ಲಿ ಅವರದೇ ಬಹುಮತ.

ಪಕ್ಷಗಳು ಕಾನೂನಿಗಾಗಿ ಕಾಯಬೇಕಿಲ್ಲ. ಎರಡು ಅವಧಿ ಪಂಚಾಯಿತಿ ನಡೆಸಿದ ಹೆಣ್ಣುಮಕ್ಕಳು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಟಿಕೆಟ್ ಹಂಚುವಾಗ ಅವರ ಹೆಸರು ಮೊದಲು ಬರಲಿ. ನಮ್ಮ ಪಾಲಿನ ಕೆಲಸವನ್ನು ನಾವೂ ಮಾಡುತ್ತೇವೆ. ಮುಂದಿನ ಸಂಚಿಕೆಯಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪಂಚಾಯಿತಿ ಸದಸ್ಯೆಯರ ಅನುಭವಗಳನ್ನು ಅವರ ಮಾತಿನಲ್ಲೇ ಪ್ರಕಟಿಸುತ್ತೇವೆ. ಬರೆಯಿರಿ, ಬರೆಯುವವರಿಗೆ ಬಿಡುವು ಮಾಡಿಕೊಡಿ.