ಮೂಗು ಹಿಡಿದರೆ ಬಾಯಿ

ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯಲ್ಲಿ 82 ವಾರ್ಡುಗಳು. ಅರ್ಧದಷ್ಟು ಮಹಿಳೆಯರಿಗೆ ಮೀಸಲು. 2021ರ ಚುನಾವಣೆಯಲ್ಲಿ ಆ ಪೈಕಿ ಒಂದು ವಾರ್ಡೂ ಅಭ್ಯರ್ಥಿ ಸಿಗದೆ ಖಾಲಿ ಉಳಿಯಲಿಲ್ಲ. 2023ರಲ್ಲಿ ವೀಣಾ ಬರದ್ವಾಡ, 2025ರಲ್ಲಿ ಜ್ಯೋತಿ ಪಾಟೀಲ ಮೇಯರ್ ಕೂಡ ಆದರು. ಇನ್ನು ವಿಧಾನಸಭೆ. ಅದೇ ಊರು, ಅವೇ ಪಕ್ಷಗಳು, ಅದೇ ಮತದಾರರು. 2023ರಲ್ಲಿ ಧಾರವಾಡ ಜಿಲ್ಲೆಯ ಏಳು ಕ್ಷೇತ್ರಗಳಿಗೆ ಕಾಂಗ್ರೆಸ್ ಮತ್ತು ಬಿಜೆಪಿ ಕೊಟ್ಟ ಬಿ ಫಾರಂ ಒಟ್ಟು 14. ಮಹಿಳೆಯ ಹೆಸರಿದ್ದದ್ದು ಒಂದರಲ್ಲಿ: ಕುಂದಗೋಳದ ಕುಸುಮಾವತಿ ಶಿವಳ್ಳಿ. ಅವರಿಗೂ 2019ರಲ್ಲಿ ಮೊದಲ ಸಲ ಟಿಕೆಟ್ ಬಂದದ್ದು, ಸಚಿವರಾಗಿದ್ದ ಪತಿ ಸಿ.ಎಸ್. ಶಿವಳ್ಳಿ ತೀರಿಕೊಂಡ ಮೇಲೆ.

ಗೆಲ್ಲುವಂಥ ಮಹಿಳೆಯರು ಸಿಗುವುದಿಲ್ಲ ಎಂಬುದು ಪಕ್ಷಗಳ ಸಿದ್ಧ ಉತ್ತರ. ಧಾರವಾಡದಲ್ಲಿ ನಿಂತು ಈ ಮಾತು ಹೇಳುವವರು ತುಸು ನಾಲಗೆ ಬಿಗಿಹಿಡಿಯಬೇಕು. ಸರೋಜಿನಿ ಮಹಿಷಿ 1962, 1967, 1971, 1977ರಲ್ಲಿ ಇಲ್ಲಿಂದ ಲೋಕಸಭೆಗೆ ಗೆದ್ದು ಹೋದರು, ಮೀಸಲಾತಿಯ ಹಂಗಿಲ್ಲದೆ. ಅವರ ನಂತರ ಮಹಿಳೆಯೊಬ್ಬರು ಇಲ್ಲಿಂದ ಸಂಸದೆಯಾಗಿಲ್ಲ. ಕನ್ನಡಿಗರಿಗೆ ಉದ್ಯೋಗ ಕುರಿತ ಮಹಿಷಿ ವರದಿ ಎಲ್ಲ ಪಕ್ಷಗಳಿಗೂ ಬೇಕು. ಮಹಿಷಿ ಮಾದರಿ ಬೇಡ. ತೀರಾ ಹಳೆಯ ಮಾತು ಎನ್ನುವವರಿಗೆ 2023ರದೇ ಉದಾಹರಣೆ ಇದೆ. ನ್ಯಾಯಾಲಯದ ನಿರ್ಬಂಧದಿಂದಾಗಿ ಧಾರವಾಡ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿ ವಿನಯ ಕುಲಕರ್ಣಿ ಜಿಲ್ಲೆಯೊಳಗೆ ಕಾಲಿಡುವಂತಿರಲಿಲ್ಲ. ಪತ್ನಿ ಶಿವಲೀಲಾ ಕ್ಷೇತ್ರ ಸುತ್ತಿ ಮತ ಕೇಳಿದರು. ಕುಲಕರ್ಣಿ ಶಾಸಕರಾದರು. ಊರಿಗೇ ಬಾರದ ಅಭ್ಯರ್ಥಿಗಾಗಿ ಮತ ತರಬಲ್ಲವರು ತಮಗಾಗಿ ತರಲಾರರು ಎಂಬ ಲೆಕ್ಕ ಯಾವ ಶಾಲೆಯದೋ!

ಮೂಗು ಹಿಡಿದರೆ ಬಾಯಿ ತೆರೆಯುತ್ತದೆ. ಪಾಲಿಕೆಯಲ್ಲಿ ಕಾನೂನು ಮೂಗು ಹಿಡಿದಿದೆ. ವಿಧಾನಸಭೆಯಲ್ಲಿ ಹಿಡಿದಿರಲಿಲ್ಲ, 2023ರಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. ಮರುವರ್ಷ ಲೋಕಸಭೆಯ 543ರಲ್ಲಿ 74. ರುವಾಂಡಾ 2003ರ ಸಂವಿಧಾನದಲ್ಲಿ ಮಹಿಳೆಯರಿಗೆ ಕನಿಷ್ಠ ಶೇ 30 ಎಂದು ಬರೆದುಕೊಂಡಿತು. ಈಗ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಅವರ ಪಾಲು ಶೇ 60 ದಾಟಿದೆ; ಕಾನೂನು ಕೇಳಿದ್ದರ ಇಮ್ಮಡಿ.

ನಮ್ಮಲ್ಲಿ ಮಹಿಳಾ ಮೀಸಲಾತಿ ಮಸೂದೆ ಮೊದಲು ಮಂಡನೆಯಾದದ್ದು 1996ರಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಅಂಗೀಕಾರವಾಗುವ ಹೊತ್ತಿಗೆ 2023 ಬಂತು. ಆಗಲೂ ಜನಗಣತಿ ಮುಗಿಯಲಿ, ಕ್ಷೇತ್ರ ಮರುವಿಂಗಡಣೆಯಾಗಲಿ ಎಂಬ ಬಾಲ ಅಂಟಿಕೊಂಡಿತು. ದಿಲ್ಲಿಯಲ್ಲಿ ಅದರ ಪರ ಮತ ಹಾಕಿದ ಪಕ್ಷಗಳೇ ಇಲ್ಲಿಯೂ ಟಿಕೆಟ್ ಹಂಚುವುದು. ಕ್ಷೇತ್ರ ಮೀಸಲಿಡಲು ಜನಗಣತಿ ಬೇಕಿರಬಹುದು. ಬಿ ಫಾರಂನಲ್ಲಿ ಮಹಿಳೆಯ ಹೆಸರು ಬರೆಯಲು ಪೆನ್ನು ಸಾಕು.