ಕೊಯ್ದಷ್ಟೂ ಬಿಡುವ ಬೆಂಡೆ
ಮಳೆ ತುಸು ಹೊಳವಾದಾಗ ದಕ್ಷಿಣ ಕನ್ನಡದ ಹಿತ್ತಿಲುಗಳಲ್ಲಿ ಬೆಂಡೆ ಕೊಯ್ಲಿನದೇ ಗಡಿಬಿಡಿ. ಬಿತ್ತುವಾಗ, ಗೊಬ್ಬರ ಹಾಕುವಾಗ ಇರುವ ಶ್ರದ್ಧೆ ಕೊಯ್ಯುವಾಗ ಸಡಿಲವಾಗುವುದೇ ಬೇಸರದ ಸಂಗತಿ. ಬೆಂಡೆಯ ಹೂವು ಅರಳುವುದು ಒಂದೇ ದಿನ. ಅಲ್ಲಿಂದ 5–6 ದಿನಕ್ಕೆ ಎಳೆಕಾಯಿ ಸಿದ್ಧ. ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರು ಬಲಿಯುತ್ತದೆ, ಗಿಡವೂ ಸತ್ವವನ್ನೆಲ್ಲ ಬೀಜಕ್ಕೆ ಹರಿಸಿ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಬೇಸಿಗೆಯ ಮಂಗಳೂರು ಸೌತೆಯದು ಇದಕ್ಕೆ ತದ್ವಿರುದ್ಧ: ಅದು ಬಳ್ಳಿಯಲ್ಲೇ ಬಲಿತು ಬಣ್ಣ ತಿರುಗಬೇಕು, ಆಮೇಲೆ ಬಾಳೆನಾರಿನಲ್ಲಿ ಕಟ್ಟಿ ತೂಗಿಸಿದರೆ ತಿಂಗಳುಗಟ್ಟಲೆ ಕೆಡದೆ ಮಳೆಗಾಲದ ಹುಳಿಗೆ ಒದಗುತ್ತದೆ. ಬೆಂಡೆಗೆ ಆ ತಾಳ್ಮೆ ಸಲ್ಲದು. ಬೀಜಕ್ಕೆಂದು ಪುಷ್ಟವಾದ ಗಿಡದಲ್ಲಿ ಒಂದೆರಡು ಕಾಯಿ ಉಳಿಸುವುದಾದರೆ, ತೊಟ್ಟಿಗೊಂದು ಬಟ್ಟೆಚೂರು ಕಟ್ಟಿಡುವುದು ಒಳ್ಳೆಯದು. ಇಲ್ಲವಾದರೆ ಬೆಳಗಿನ ಅವಸರದಲ್ಲಿ ಅವೂ ಪಲ್ಯದ ಪಾಲಾದಾವು.